ಅಡ್ಡದಾರಿ ಕಟ್ಟಿಕೊಟ್ಟವನು

ಮೊದಲೇ ಹೇಳಿಬಿಡುತ್ತೇನೆ, ನನಗೆ ಸಿಟ್ಟು ಬೇಗ ಬರುತ್ತದೆ. ಗೋಕಾಕದ ಒಂದು ಪಿಯು ಕಾಲೇಜಿನಲ್ಲಿ ಮೂವತ್ತೊಂದು ವರ್ಷ ಭೌತಶಾಸ್ತ್ರ ಕಲಿಸಿದೆ. ಅಷ್ಟೂ ವರ್ಷ ಹುಡುಗರು ಬೆನ್ನ ಹಿಂದೆ ನನ್ನನ್ನು ಕೆಂಡಪ್ಪ ಅನ್ನುತ್ತಿದ್ದರು. ಖರೆ ಹೆಸರು ಮುರಿಗೆಪ್ಪ. ಈ ಬರಹದಲ್ಲಿ ಅಲ್ಲಲ್ಲಿ ಸಿಟ್ಟು ಕಂಡರೆ ಅದು ಬಹುಪಾಲು ನನ್ನ ಮೇಲಿನದೇ ಎಂದು ತಿಳಿದುಕೊಳ್ಳಿ.

ಬರೆಯುತ್ತಿರುವುದು ಹಾಜಿಮಲಂಗನ ಬಗ್ಗೆ. ಅವನು ನಮ್ಮ ಲ್ಯಾಬಿನಲ್ಲಿ ಇಪ್ಪತ್ತೇಳು ವರ್ಷ ಅಟೆಂಡರ್ ಆಗಿದ್ದ. ಹೋದ ಚಳಿಗಾಲದಲ್ಲಿ ತೀರಿಕೊಂಡ. ನಲವತ್ತನೇ ದಿನದ ಫಾತಿಹಾಕ್ಕೆ ಅವನ ಊರು ಅಂಕಲಗಿಗೆ ಹೋಗಿದ್ದೆ. ಊಟ ಮುಗಿಸಿ ಚಪ್ಪಲಿ ಮೆಟ್ಟುವಾಗ ಅವನ ಹೆಂಡತಿ ಬೇಗಂಬಿ ಬಾಗಿಲಿಗೆ ಬಂದು ನಿಂತಳು. “ಅವರು ಇರೂಮಟಾ ಬ್ಯಾಡ ಬ್ಯಾಡ ಅಂದ್ರು. ಈಗ ನಾ ಹೇಳಾಕತ್ತೇನಿ ಸರ, ಬರೀರಿ. ಇದ್ದದ್ದು ಇದ್ದಂಗ ಬರೀರಿ” ಅಂದಳು. ಅದಕ್ಕೇ ಕೂತಿದ್ದೇನೆ.

ಹಾಜಿಮಲಂಗನ ಅಪ್ಪ ಮೈನೋದ್ದೀನ ಕಲಾಯಿ ಹಾಕುವವನು. ತಿದಿ, ಇದ್ದಿಲು, ನವಸಾಗರ ಗಂಟು ಕಟ್ಟಿಕೊಂಡು ಮೇಲವಂಕಿ, ಅರಭಾವಿ, ಮೂಡಲಗಿ ಎಂದು ಊರೂರು ತಿರುಗಿ ತಾಮ್ರದ ಹಂಡೆ, ಹಿತ್ತಾಳೆ ಪಾತ್ರೆಗಳ ಒಳಗೆ ತವರ ಬಳಿದು ಬೆಳ್ಳಗೆ ಮಾಡುತ್ತಿದ್ದ. ಆಮೇಲೆ ಮನೆಮನೆಗೂ ಸ್ಟೀಲು ಬಂತು, ಕಲಾಯಿಯವನನ್ನು ಕರೆಯುವವರು ಇಲ್ಲದಾದರು. ಮಗ ಏಳನೇ ಇಯತ್ತೆಗೆ ಸಾಲಿ ಬಿಟ್ಟಿದ್ದ. ಬೆಂಕಿ, ತವರ, ತಾಮ್ರ ಈ ಮೂರು ಬಿಟ್ಟರೆ ಅವನಿಗೆ ಮತ್ತೇನೂ ಗೊತ್ತಿರಲಿಲ್ಲ.

ನಾನು ಕೆಲಸಕ್ಕೆ ಸೇರಿದ ಎರಡನೇ ವರ್ಷ ಲ್ಯಾಬಿನಲ್ಲಿ ಬೆಸುಗೆ ಬಿಟ್ಟ ಸಾಮಾನು ರಾಶಿ ಬಿದ್ದಿತ್ತು. ಯಾರೋ ಇವನನ್ನು ಕರೆತಂದರು. ಒಂದು ದಿನದ ಕೆಲಸಕ್ಕೆ ಬಂದವನು ಮೂರು ದಿನ ಕೂತು ಎಲ್ಲ ಬೆಸೆದ. ಕೊನೆಗೆ ಕಪಾಟಿನ ಮೂಲೆಯಲ್ಲಿ ಸತ್ತು ಬಿದ್ದಿದ್ದ ಒಂದು ಗ್ಯಾಲ್ವನೋಮೀಟರನ್ನು ಎತ್ತಿಕೊಂಡು, “ಇದ್ರಾಗ ಏನ್ ಹೋಗೇತ್ರಿ ಸರ?” ಅಂದ. ನಾನು ಎಂಎಸ್ಸಿ ಚಿನ್ನದ ಪದಕದವನು. ಅದರ ಚಿತ್ರ ಹಲಗೆಯ ಮೇಲೆ ಕಣ್ಣು ಮುಚ್ಚಿ ಬರೆಯುತ್ತಿದ್ದೆ. ಬಿಚ್ಚಿ ನೋಡಿದವನಲ್ಲ. “ಬಿಡೋ, ಅದು ನಿನ್ನ ಕೈಲೆ ಆಗೂದಲ್ಲ” ಅಂದೆ. ಅವನು ಬಿಚ್ಚಿದ. ಕೂದಲಿಗಿಂತ ಸಣ್ಣ ಸ್ಪ್ರಿಂಗಿನ ತುದಿ ಕಳಚಿತ್ತು. ಉಸಿರು ಬಿಗಿಹಿಡಿದು ಅದನ್ನು ಬೆಸೆದ. ಮುಳ್ಳು ಅಲುಗಾಡಿತು! ಅವತ್ತೇ ದಿನಗೂಲಿ ಅಟೆಂಡರ್ ಎಂದು ಇಟ್ಟುಕೊಂಡರು.

ಈಗ ಒಂದು ಪಾಠ ಹೇಳಬೇಕು, ಬೇಸರ ಮಾಡಿಕೊಳ್ಳಬೇಡಿ. ಈ ಕಥೆ ನಿಂತಿರುವುದೇ ಅದರ ಮೇಲೆ. ಗ್ಯಾಲ್ವನೋಮೀಟರ್ ಬಹಳ ನಾಜೂಕಿನ ಸಾಮಾನು. ಒಂಚೂರು ವಿದ್ಯುತ್ತು ಹರಿದರೂ ಮುಳ್ಳು ಓಡುತ್ತದೆ, ಜಾಸ್ತಿ ಹರಿದರೆ ಒಳಗಿನ ಸುರುಳಿ ಸುಟ್ಟುಹೋಗುತ್ತದೆ. ದೊಡ್ಡ ವಿದ್ಯುತ್ತು ಅಳೆಯಬೇಕಾದರೆ ಅದನ್ನು ಅಮ್ಮೀಟರ್ ಮಾಡಬೇಕು. ಹೇಗೆ? ಅದರ ಎರಡು ತಿರುಪುಗಳ ನಡುವೆ ಲೆಕ್ಕದ ಉದ್ದದ ತಾಮ್ರದ ತಂತಿಯೊಂದನ್ನು ಕಟ್ಟಬೇಕು. ವಿದ್ಯುತ್ತೆಲ್ಲ ಆ ತಂತಿಯಲ್ಲಿ ಹಾಯ್ದು ಹೋಗುತ್ತದೆ, ಸಾವಿರದಲ್ಲಿ ಒಂದು ಪಾಲು ಮೀಟರಿನೊಳಗೆ ನುಸುಳುತ್ತದೆ. ಆ ತಂತಿಗೆ ಶಂಟ್ ಎನ್ನುತ್ತಾರೆ. ಪಿಯು ಎರಡನೇ ವರ್ಷದ ಪ್ರಯೋಗ ಅದು.

ಹಾಜಿಮಲಂಗನಿಗೆ ಶಂಟ್ ಅನ್ನುವುದು ನಾಲಿಗೆಗೆ ಹತ್ತಲಿಲ್ಲ. ಶುಂಠಿ ಅನ್ನುತ್ತಿದ್ದ. ಹುಡುಗರು ಬಿದ್ದುಬಿದ್ದು ನಗುತ್ತಿದ್ದರು, “ಹಾಜಿ ಕಾಕಾ, ಶುಂಠಿ ಹಾಕಿ ಚಹಾ ಮಾಡ್ರಿ” ಎಂದು ಕಾಡುತ್ತಿದ್ದರು. ಒಂದು ದಿನ ನನಗೆ ರೇಗಿತು. “ಶಂಟ್ ಅಂದ್ರ ಕರೆಂಟಿಗೆ ಅಡ್ಡದಾರಿ. ನೀ ಅಡ್ಡದಾರಿ ಅನ್ನು ಸಾಕು” ಅಂದೆ. ಆ ಮಾತು ನಾನು ಕೊಟ್ಟಿದ್ದು. ಇದನ್ನು ನೆನಪಿಟ್ಟುಕೊಳ್ಳಿ ಎಂದು ನಾನು ಹೇಳಬೇಕಾಗಿಲ್ಲ, ನನಗೇ ಮರೆಯಲು ಆಗುತ್ತಿಲ್ಲ.

ಅವತ್ತಿನಿಂದ ಆ ಲ್ಯಾಬಿನಲ್ಲಿ ಶಂಟ್ ಎಂಬ ಮಾತೇ ಹೋಯಿತು. “ಅಡ್ಡದಾರಿ ಕಟ್ಟಿದ್ಯಾ? ಅಡ್ಡದಾರಿ ಬಿಗಿ ಐತೇನು?” ಇದೇ ಮಾತು. ಹೊಸ ಹುಡುಗರಿಗೆ ನನಗಿಂತ ಚೆನ್ನಾಗಿ ಅವನೇ ಹೇಳುತ್ತಿದ್ದ. “ನಿಮ್ಮ ಕಬ್ಬಿನ ಹೊಲಕ್ಕ ಇಡೀ ಕೆನಾಲಿನ ನೀರು ಬಿಟ್ರ ಏನಾಕ್ಕೈತಿ?”

“ಹೊಲಾನ ಕೊಚ್ಕೊಂಡು ಹೋಗತೈತ್ರಿ ಕಾಕಾ.”

“ಹಾಂ. ಈ ಮೀಟರಿನ ಹೊಟ್ಟಿ ಒಂದ್ ಸಣ್ಣ ಹೊಲ ಇದ್ದಂಗ. ನೀರೆಲ್ಲಾ ಅಡ್ಡದಾರೀಲೆ ದಾಟಸ್ಬೇಕು, ಒಂದ್ ಹನಿ ಒಳಗ ಬಿಡಬೇಕು.”

ಇನ್ನೊಂದು ಮಾತು ಅವನು ಪ್ರತಿ ಹುಡುಗನಿಗೂ ಹೇಳುತ್ತಿದ್ದ. ತಾಮ್ರದ ತಂತಿಗೆ ಕಣ್ಣಿಗೆ ಕಾಣದಷ್ಟು ತೆಳ್ಳಗೆ ವಾರ್ನಿಶ್ ಬಳಿದಿರುತ್ತದೆ. ಎರಡೂ ತುದಿ ಕೆರೆದು ಹೊಳಪು ಬರಿಸದೆ ಕಟ್ಟಿದರೆ ತಂತಿ ಕಟ್ಟಿದ್ದೂ ಒಂದೇ, ಬಿಟ್ಟಿದ್ದೂ ಒಂದೇ. ಹುಡುಗರು ಮರೆಯುತ್ತಿದ್ದುದು ಅಲ್ಲೇ. ಹಾಜಿಮಲಂಗ ಮೇಜಿನಿಂದ ಮೇಜಿಗೆ ತಿರುಗಿ ತುದಿಗಳ ಬಣ್ಣ ನೋಡುತ್ತಿದ್ದ.

ಇಪ್ಪತ್ತೇಳು ವರ್ಷ ಅವನು ಕಾಯ್ದದ್ದು ಒಂದೇ ಒಂದಕ್ಕೆ, ಕಾಯಂ ಆಗುವುದಕ್ಕೆ. ಅವನ ನಂತರ ಬಂದವರು, ಪ್ರಯೋಗನಳಿಕೆ ತೊಳೆಯಲೂ ಬಾರದವರು, ಯಾರದೋ ಅಳಿಯಂದಿರು, ಕಾಯಂ ಆದರು. ಇವನು ಮಾತ್ರ ದಿನಗೂಲಿ. ಕೊನೆಗೂ ಎರಡು ಸಾವಿರದ ಇಪ್ಪತ್ತೆರಡರಲ್ಲಿ ಅವನ ಫೈಲು ಮೇಲೆ ಹೋಯಿತು. ಮಾರ್ಚ್ ಹೊತ್ತಿಗೆ ಆದೇಶ ಬರುತ್ತದೆ ಎಂದು ಸುದ್ದಿ ಬಂತು. ಆ ಮನುಷ್ಯ ಮಗುವಿನ ಹಾಗೆ ಆಡತೊಡಗಿದ. ಬೇಗಂಬಿ ಹೊಸ ಅಂಗಿ ಹೊಲಿಸಿಟ್ಟಿದ್ದಾಳೆ, ಆದೇಶ ಕೈಗೆ ಬಂದ ದಿನ ಹಾಕಿಕೊಳ್ಳುತ್ತೇನೆ ಅಂದ. “ಸರ, ಹಾಜರಿ ಪುಸ್ತಕದಾಗ ನನ್ನ ಹೆಸರು ಮಸೀಲೆ ಬರೀತಾರಲ್ರಿ? ಪೆನ್ಸಿಲಿನ್ಯಾಗ ಅಲ್ಲಲ್ರಿ?” ಎಂದು ಕೇಳಿದ. ದಿನಗೂಲಿಯವರ ಹೆಸರನ್ನು ನಮ್ಮ ಆಫೀಸಿನಲ್ಲಿ ಪೆನ್ಸಿಲಿನಲ್ಲಿ ಬರೆಯುತ್ತಿದ್ದರು, ಅಳಿಸಲು ಸಲೀಸು ಎಂದು. ಎಂಥ ಜನ ನಾವು!

ಆ ಫೆಬ್ರುವರಿಯಲ್ಲಿ ಪ್ರಾಯೋಗಿಕ ಪರೀಕ್ಷೆ ನಡೆಯಿತು. ಹೊರಗಿನ ಪರೀಕ್ಷಕರಾಗಿ ಹುಕ್ಕೇರಿ ಕಡೆಯಿಂದ ಮಹೇಶ ಎಂಬ ಉಪನ್ಯಾಸಕರು ಬಂದಿದ್ದರು. ವಯಸ್ಸು ಚಿಕ್ಕದು, ಪರೀಕ್ಷಕರಾಗಿ ಮೊದಲ ವರ್ಷ, ನಿಯಮದ ಪುಸ್ತಕ ಬಗಲಲ್ಲೇ ಇತ್ತು. ಒಳಗಿನ ಪರೀಕ್ಷಕ ನಾನು. ಪರೀಕ್ಷೆ ಮುಗಿಯುವ ತನಕ ಇಬ್ಬರೂ ಲ್ಯಾಬು ಬಿಡುವ ಹಾಗಿಲ್ಲ.

ನಾನು ಬಿಟ್ಟೆ. ಆ ದಿನವೇ ನನ್ನ ಮನೆಗೆ ಸ್ಲ್ಯಾಬ್ ಹಾಕುತ್ತಿದ್ದರು. ಹತ್ತೂವರೆಗೆ ಫೋನು ಬಂತು, ಕಾಂಕ್ರೀಟಿನ ಮಷೀನು ಬಂದು ನಿಂತಿದೆ, ಕಬ್ಬಿಣದ ಸಳಿ ಕಟ್ಟಿದ್ದು ತಪ್ಪಾಗಿದೆ, ನೀವೇ ಬಂದು ನೋಡಿ ಎಂದು. ಮಹೇಶರಿಗೆ ಹೇಳಿದೆ. ಅವರು ಹಿರಿಯರೆಂಬ ಮರ್ಯಾದೆಗೆ, “ಹೋಗಿ ಬರ್ರಿ ಸರ, ನಾ ಇಲ್ಲೇ ಅದೀನಲ್ಲ” ಅಂದರು. ಮೋಟರ್ ಸೈಕಲ್ ಹತ್ತಿ ಹೋದೆ. ಬರುವಾಗ ನಲವತ್ತೈದು ನಿಮಿಷ ಆಗಿತ್ತು.

ನಾನಿಲ್ಲದಾಗ ಆದದ್ದು ಇಷ್ಟು. ಮೇಲವಂಕಿಯ ಬಾಳೇಶ ಎಂಬ ಹುಡುಗನಿಗೆ ಇದೇ ಪ್ರಯೋಗ ಬಂದಿತ್ತು. ಲೆಕ್ಕ ಸರಿಯಾಗಿಯೇ ಮಾಡಿದ್ದ. ತಂತಿ ಕಟ್ಟಿದ್ದ, ಆದರೆ ಒಂದು ತುದಿ ಕೆರೆದಿರಲಿಲ್ಲ. ಹಾಜಿಮಲಂಗ ನೀರಿನ ಲೋಟ ಹಿಡಿದು ಆ ಕಡೆ ಹೋದವನು ತುದಿಗೆ ಹೊಳಪಿಲ್ಲದ್ದು ನೋಡಿದ. ಹುಡುಗನ ಬೆರಳು ಸ್ವಿಚ್ಚಿನ ಮೇಲಿತ್ತು. ಒತ್ತಿದರೆ ಅಷ್ಟೂ ವಿದ್ಯುತ್ತು ಮೀಟರಿನ ಹೊಟ್ಟೆಗೆ. ಮೀಟರೂ ಹೋಗುತ್ತಿತ್ತು, ಹುಡುಗನ ಪರೀಕ್ಷೆಯೂ ಹೋಗುತ್ತಿತ್ತು. “ತಡಿಯೋ!” ಎಂದು ಕೈ ಹಿಡಿದು, ತಿರುಪು ಸಡಿಲಿಸಿ, ತುದಿ ಕೆರೆದು, ಮತ್ತೆ ಬಿಗಿದ. ಅರ್ಧ ನಿಮಿಷದ ಕೆಲಸ. ಆ ಅರ್ಧ ನಿಮಿಷದಲ್ಲೇ ಮಹೇಶರು ತಿರುಗಿ ನೋಡಿದರು.

ಪರೀಕ್ಷೆಯಲ್ಲಿ ಅಟೆಂಡರ್ ಹುಡುಗರ ಜೋಡಣೆ ಮುಟ್ಟಬಾರದು. ನಿಯಮ ಅದು, ಮಹೇಶರದ್ದು ತಪ್ಪೆಂದು ನಾನು ಹೇಳಲಾರೆ. ಹುಡುಗನಿಗೆ ಬೇರೆ ಪ್ರಶ್ನೆ ಕೊಟ್ಟರು, ಅವನು ಪಾಸೂ ಆದ. ಆದರೆ ವರದಿ ಬರೆಯುವಾಗ ಅವರಿಗೂ ಹೆದರಿಕೆ. ನನ್ನನ್ನು ಹೊರಗೆ ಬಿಟ್ಟವರು ಅವರೇ ಅಲ್ಲವೇ? ‘ಅಟೆಂಡರ್ ವಿದ್ಯಾರ್ಥಿಗೆ ಜೋಡಣೆ ಮಾಡಿಕೊಡುತ್ತಿದ್ದ. ಒಳಗಿನ ಪರೀಕ್ಷಕರು ಪೂರ್ತಿ ಹಾಜರಿದ್ದರು’ ಎಂದು ಬರೆದು ನನ್ನ ಮುಖ ನೋಡಿದರು. ಸಹಿ ಮಾಡಿದೆ. ಪಗಾರದವರು ಇಬ್ಬರು, ದಿನಗೂಲಿಯವನು ಒಬ್ಬ.

ಆಡಳಿತ ಮಂಡಳಿಯವರು ವಿಚಾರಣೆಗೆ ಮೂವರನ್ನು ಕೂರಿಸಿದರು. ಒಬ್ಬರು ಕಿರಾಣಿ ಸಗಟು ವ್ಯಾಪಾರಿ, ಒಬ್ಬರು ಮೂಡಲಗಿಯ ನಿವೃತ್ತ ಹೆಡ್ ಮಾಸ್ತರರು, ಒಬ್ಬರು ವಕೀಲರು. ಮೂವರಿಗೂ ವಿಜ್ಞಾನದ ಗಾಳಿ ಸೋಕಿರಲಿಲ್ಲ. ಮೊದಲು ಹಾಜಿಮಲಂಗನನ್ನು ಒಳಗೆ ಕರೆದರು. ಹೇಳಿದ್ದನ್ನು ಬರೆದುಕೊಂಡವನು ಗುಮಾಸ್ತ ಮಾಳಪ್ಪ. ಆಮೇಲೆ ನನ್ನನ್ನು ಕರೆದರು. ಕೂತೆ. ಚಹಾ ಕೊಟ್ಟರು.

ವಕೀಲರು ಕಾಗದ ತಿರುಗಿಸಿ ಓದಿದರು: “‘ಬಾಳೇಶನಿಗೆ ನಾನು ಅಡ್ಡದಾರಿ ತೋರಿಸಿದ್ದು ನಿಜ. ಇಪ್ಪತ್ತೇಳು ವರ್ಷದಿಂದ ಎಲ್ಲ ಮಕ್ಕಳಿಗೂ ತೋರಿಸುತ್ತ ಬಂದಿದ್ದೇನೆ.’ ಕೇಳಿದ್ರಿಲ್ಲೋ ಸರ? ತಾನಾಗೇ ಒಪ್ಕೊಂಡಾನ. ಇಪ್ಪತ್ತೇಳು ವರ್ಷ ಅಂತ!”

ಅವನು ಹಾಗೆ ಹೇಳಿರಲು ಸಾಧ್ಯವೇ ಇಲ್ಲ. ‘ಅಡ್ಡದಾರಿ ಕಟ್ಟಿಕೊಟ್ಟೇನಿ’ ಎಂದಿರುತ್ತಾನೆ. ದಾರಿಯನ್ನು ಕಟ್ಟುವುದುಂಟೇ, ತೋರಿಸುವುದಲ್ಲವೇ ಎಂದು ಮಾಳಪ್ಪ ತನ್ನ ಕನ್ನಡ ಜ್ಞಾನಕ್ಕೆ ತಕ್ಕ ಹಾಗೆ ತಿದ್ದಿ ಬರೆದಿದ್ದ. ಆ ಮಾತಿಗೆ ಆ ಲ್ಯಾಬಿನಲ್ಲಿ ಏನು ಅರ್ಥ ಎಂದು ಆ ಕೋಣೆಯಲ್ಲಿ ಗೊತ್ತಿದ್ದವನು ನಾನೊಬ್ಬನೇ.

“ನೀವೇನರ ಹೇಳೂದು ಐತೇನ್ರಿ?” ಎಂದರು ಹೆಡ್ ಮಾಸ್ತರರು.

ಒಂದೇ ಒಂದು ಸಾಲು ಸಾಕಿತ್ತು. ಅಡ್ಡದಾರಿ ಅಂದ್ರ ಶಂಟ್ ರೀ, ತಂತಿ ರೀ, ನಾನೇ ಕೊಟ್ಟ ಹೆಸರು ರೀ. ಬಾಯಿಯ ತನಕ ಬಂತು. ಅಷ್ಟರಲ್ಲಿ ಮುಂದಿನ ಪ್ರಶ್ನೆ ನನ್ನ ತಲೆಯಲ್ಲಿ ತಾನೇ ಎದ್ದು ನಿಂತಿತು: ಹಂಗಾದ್ರ ಅವ ಏನ್ ಕಟ್ಟಿದ, ನೀವ್ ಕಣ್ಣಾರೆ ನೋಡಿದ್ರೇನು? ಅವಾಗ ನೀವ್ ಎಲ್ಲಿದ್ರಿ? ಪೂರ್ತಿ ಹಾಜರಿದ್ದೆ ಎಂದು ಸಹಿ ಮಾಡಿದವನು ನಾನು. ಸ್ಲ್ಯಾಬ್ ನೋಡಲು ಹೋಗಿದ್ದು ಬಯಲಾದರೆ ನೋಟೀಸು, ಅಮಾನತು, ನಿವೃತ್ತಿಯ ಹೊಸ್ತಿಲಲ್ಲಿ ಮರ್ಯಾದೆ ಮೂರು ಕಾಸು.

“ಏನೂ ಇಲ್ರಿ” ಅಂದೆ. ಹುಡುಗರ ಮೇಲೆ ಕೆಂಡ ಕಾರುವ ಕೆಂಡಪ್ಪ, ಮೂರು ಜನರ ಮುಂದೆ ಎರಡು ಮಾತಾಡಲು ದಮ್ಮಿಲ್ಲದೆ ಎದ್ದು ಬಂದೆ. ಥೂ!

ಹೊರಗೆ ಬೆಂಚಿನ ಮೇಲೆ ಹಾಜಿಮಲಂಗ ಕೂತಿದ್ದ. ಎದ್ದು ನಿಂತು, “ಹೇಳಿದ್ರೇನ್ರಿ ಸರ?” ಅಂದ. ನಾನು ತಲೆ ಅಲ್ಲಾಡಿಸಿದೆ. ಅದು ಹೌದೋ ಅಲ್ಲವೋ ತಿಳಿಯದ ಹಾಗೆ ಅಲ್ಲಾಡಿಸಿದೆ. ಅವನು ಹೌದೆಂದು ತಿಳಿದು ನಕ್ಕ.

ಹದಿನೈದು ದಿನಕ್ಕೆ ಆದೇಶ ಬಂತು, ಅವನು ಕಾಯುತ್ತಿದ್ದ ಆದೇಶವಲ್ಲ. ನಕಲು ಮಾಡಿಸಿದ್ದನ್ನು ತಾನೇ ಒಪ್ಪಿಕೊಂಡಿರುವುದರಿಂದ ಕೆಲಸದಿಂದ ತೆಗೆಯಲಾಗಿದೆ, ಕಾಯಂ ಮಾಡುವ ಫೈಲನ್ನು ಹಿಂದಕ್ಕೆ ಪಡೆಯಲಾಗಿದೆ. ಪೆನ್ಸಿಲಿನ ಹೆಸರನ್ನು ರಬ್ಬರಿನಿಂದ ಒರೆಸಿ ಕೈತೊಳೆದುಕೊಂಡರು. ವಿಭಾಗದ ಮುಖ್ಯಸ್ಥನೆಂದು ಎಲ್ಲ ಕಾಗದದ ಒಂದೊಂದು ಪ್ರತಿ ನನಗೂ ಬಂತು. ಅವನ ಹೇಳಿಕೆಯ ಕೊನೆಯ ಸಾಲನ್ನು ನಾನು ಆಗಲೇ ಓದಿದ್ದು. ‘ಮುರಿಗೆಪ್ಪ ಸರ್ ಲ್ಯಾಬಿನಲ್ಲೇ ಇದ್ದರು. ಅಲ್ಲಾಹನ ಆಣೆಗೂ ಇದ್ದರು.’

ಓದಿ, ಮಡಿಚಿ, ಕಪಾಟಿನಲ್ಲಿಟ್ಟು ಕೀಲಿ ಹಾಕಿದೆ. ಎರಡು ವರ್ಷ ಹಾಗೇ ಇಟ್ಟಿದ್ದೆ.

ಆ ಎರಡು ವರ್ಷ ಅವನ ಸುದ್ದಿ ಬರುತ್ತಲೇ ಇತ್ತು. ಅಂಕಲಗಿಯಲ್ಲಿ ಒಂದು ಪಂಪ್‌ಸೆಟ್ ಮೋಟಾರ್ ರಿಪೇರಿ ಅಂಗಡಿಯಲ್ಲಿ ಕೂರುತ್ತಾನಂತೆ. ಊರ ಹುಡುಗರು ಕಾಪಿ ಚಾಚಾ ಅನ್ನುತ್ತಾರಂತೆ. ಪರೀಕ್ಷೆ ಬಂತೆಂದರೆ ಯಾರಾದರೂ ಅಪ್ಪಂದಿರು ಬಂದು, “ನಮ್ಮ ಹುಡುಗಗೂ ಏನರ ಅಡ್ಡದಾರಿ ಮಾಡ್ರಿ ಚಾಚಾ” ಎಂದು ಗುಟ್ಟಾಗಿ ಕೇಳುತ್ತಾರಂತೆ. ಕಲಿಸುವ ಚಟದ ಮನುಷ್ಯ ಮಕ್ಕಳನ್ನು ಕಂಡರೆ ಒಳಗೆ ಎದ್ದು ಹೋಗತೊಡಗಿದ. ಲ್ಯಾಬಿನಲ್ಲಿ ಎರಡು ಗ್ಯಾಲ್ವನೋಮೀಟರ್ ಸುಟ್ಟವು. ಹೊಸ ಅಟೆಂಡರ್ ಅವನ್ನು ಗುಜರಿಗೆ ಹಾಕಿದ.

ನಾನು ನಿವೃತ್ತನಾದೆ. ಶಾಲು ಹೊದಿಸಿದರು, ಪ್ರಾಮಾಣಿಕ, ನಿಷ್ಠುರ ಎಂದೆಲ್ಲ ಭಾಷಣ ಮಾಡಿದರು. ಮರುದಿನ ಕೂತು ಒಂದು ಕಾಗದ ಬರೆದೆ. ಆ ದಿನ ನಾನು ಲ್ಯಾಬಿನಲ್ಲಿ ಇರಲಿಲ್ಲ, ಅಡ್ಡದಾರಿ ಎಂದರೆ ಇದು, ಹಾಜಿಮಲಂಗ ನಿರಪರಾಧಿ, ಅವನ ಹೆಸರಿಗೆ ಹತ್ತಿದ ಮಸಿ ತೊಳೆಯಬೇಕು ಎಂದು. ಈಗ ನನ್ನ ನೌಕರಿ ಮುಗಿದಿತ್ತು ನೋಡಿ, ಧೈರ್ಯ ಬಂದಿತ್ತು! ಆಡಳಿತ ಮಂಡಳಿಗೆ ಕೊಡುವ ಮೊದಲು ಅವನಿಗೊಮ್ಮೆ ತೋರಿಸೋಣ ಎಂದು ಅಂಕಲಗಿಗೆ ಹೋದೆ.

ಅವನು ಹೊರಸಿನ ಮೇಲೆ ಮಲಗಿದ್ದ. ಎದೆಯಲ್ಲಿ ಕಫ ಕಟ್ಟಿತ್ತು, ಮಾತಿಗೊಮ್ಮೆ ಕೆಮ್ಮು. ನನ್ನನ್ನು ನೋಡಿ ಏಳಲು ಹೋದ. ಬೇಗಂಬಿ ಕುರ್ಚಿ ತಂದಿಟ್ಟಳು. ಕಾಗದ ತೆಗೆದು ಓದಿದೆ. ಇರಲಿಲ್ಲ ಎಂಬ ಸಾಲು ಬಂದಾಗ ಬೇಗಂಬಿ ನನ್ನನ್ನು ನಿಲ್ಲಿಸಿದಳು. ಗಂಡ ಅವಳಿಗೂ ಹೇಳಿರಲಿಲ್ಲ.

“ನೀವು ಇದ್ದಿಲ್ಲೇನ್ರಿ ಅವತ್ತ? ಎಲ್ಲಿ ಹೋಗಿದ್ರಿ?”

“ಮನಿಗೆ ಸ್ಲ್ಯಾಬ್ ಹಾಕಾಕತ್ತಿದ್ರು.”

“ಮನಿ ಆತೇನ್ರಿ?”

“ಆತು.”

“ಛಲೋ ಆತು ಬಿಡ್ರಿ” ಎಂದು ಒಳಗೆ ಹೋದಳು. ಅವಳ ದನಿಯಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ನಾನು ಬದುಕುತ್ತಿದ್ದೆ.

ಹಾಜಿಮಲಂಗನ ಕಡೆ ಕುರ್ಚಿ ಎಳೆದುಕೊಂಡೆ. ನಾನು ಕೇಳಿಯೇ ಬಿಟ್ಟೆ. “ಯಾಕ ಹಂಗ ಆಣಿ ಮಾಡಿದ್ಯೋ ಮಲಂಗ? ನಾ ಇದ್ದಿಲ್ಲ ಅಂತ ಹೇಳಿದ್ರ ನನ್ನ ಹಿಡೀತಿದ್ರು, ನಿನ್ನ ಬಿಡ್ತಿದ್ರು.”

“ನಿಮಗ ಏನರ ಆದ್ರ ನನ್ನ ಪರವಾಗಿ ಮಾತಾಡವರು ಯಾರ ಉಳೀತಿದ್ರು ರಿ ಸರ? ನೀವು ಒಳಗ ಹೋಗಿ ಹೇಳ್ತೀರಿ ಅಂತ ನಂಬಿದ್ದೆ. ಅದಕ್ಕ ಮೊದಲ ನಿಮ್ಮನ್ನ ಉಳಿಸ್ಕೊಂಡೆ.”

ಅವನು ಕೆಮ್ಮು ನಿಲ್ಲುವವರೆಗೆ ಕಾಯ್ದು ಕೈ ಚಾಚಿದ, ಕಾಗದವನ್ನು ಇಸಿದುಕೊಂಡು ನನಗೇ ಮರಳಿ ಕೊಟ್ಟ.

“ಇದನ್ನ ಕೊಡಬ್ಯಾಡ್ರಿ.”

“ಯಾಕೋ? ಊರೆಲ್ಲಾ ಕಾಪಿ ಚಾಚಾ ಅಂತೈತಿ ನಿನ್ನ!”

“ಅನ್ಲಿ ಬಿಡ್ರಿ. ಅದು ಸುಳ್ಳು. ಸುಳ್ಳ ಮಾತು ನನಗ ತಡ್ಕೊಳ್ಳಾಕ ಬರತೈತಿ. ಈ ಕಾಗದ ಕೊಟ್ರ ಹಾಜಿಮಲಂಗ ಅಲ್ಲಾನ ಹೆಸರಿನ್ಯಾಗ ಸುಳ್ಳ ಆಣಿ ಮಾಡ್ಯಾನ ಅಂತಾರ. ಮಸೂತಿ ಮೆಟ್ಲ ಹತ್ತುವಾಗ ನಾಕ್ ಮಂದಿ ಅಂತಾರ. ಅದು ಖರೇನ ಐತಲ್ರಿ ಸರ. ಖರೇ ಮಾತು ಹೆಂಗ ತಡ್ಕೊಳ್ಳಿ?”

ನಾನು ಒತ್ತಾಯ ಮಾಡಬೇಕಿತ್ತು. ಅವನ ಕಾಲು ಹಿಡಿಯಬೇಕಿತ್ತು. ‘ಆಯ್ತಪ್ಪ, ನಿನ್ನಿಷ್ಟ’ ಎಂದು ಎರಡನೇ ಮಾತಿಗೆ ಎದ್ದೆ. ಕಾಗದ ಜೇಬಿಗಿಟ್ಟುಕೊಂಡು ಗೋಕಾಕದ ಬಸ್ಸು ಹತ್ತಿದೆ. ಸೀಟೂ ಸಿಕ್ಕಿತು. ಅಳು ಬರಬೇಕಿತ್ತು, ಬರಲಿಲ್ಲ. ನನಗೆ ಹಗುರವಾಗಿತ್ತು. ನಾನೇನೋ ಹೇಳಲು ತಯಾರಾಗಿ ಹೋಗಿದ್ದೆ, ಅವನೇ ಬೇಡ ಅಂದನಲ್ಲ, ಇನ್ನು ನನ್ನ ಮೇಲೆ ಏನೂ ಇಲ್ಲ ಎಂದು ಗೋಕಾಕದ ಸ್ಟ್ಯಾಂಡು ಬರುವ ತನಕ ನನಗೆ ನಾನೇ ಹೇಳಿಕೊಳ್ಳುತ್ತ ಬಂದೆ. ಬಸ್ಸಿನಿಂದ ಇಳಿದು ಒಂದು ಚಹಾ ಕುಡಿದೆ. ರುಚಿಯಾಗಿತ್ತು.